ಆಟದ ಬಯಲೂ ದಾಸೋಹವೇ

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಪ್ರೌಢಶಾಲೆಯ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಶಿವಾನುಭವ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಅಷ್ಟಾವರಣ, ಷಟ್‌ಸ್ಥಲ, ಶರಣರ ಚರಿತ್ರೆ ಇವುಗಳ ಮೇಲೆ ಉಪನ್ಯಾಸ ನಡೆಯುತ್ತದೆ. ಇವತ್ತು ಪೂಜ್ಯರು ನನಗೆ ಕೊಟ್ಟಿರುವ ವಿಷಯ ಬೇರೆ. ನಮ್ಮ ಶಾಲೆಯ ಮಕ್ಕಳ ಆಟಕ್ಕೆಂದು 1 ಎಕರೆ 30 ಗುಂಟೆ ಜಮೀನನ್ನು ಹೇಗೆ ಪಡೆದಿರಿ, ಅದನ್ನೇ ಹೇಳಿ ಎಂದರು. ನಾನು 31 ವರ್ಷ ಸೀಟಿ ಊದಿಕೊಂಡು ಬದುಕಿದವನು, ಶಾಸ್ತ್ರ ಓದಿದವನಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊದಲು ಶಾಲೆಯ ಸ್ಥಿತಿ ಹೇಳಬೇಕು. ಹಿಂದಿನ ಗುರುಗಳು ಜೋಳಿಗೆ ಹಿಡಿದು ಕಟ್ಟಿದ ಶಾಲೆ ಅದು. ಮೂರು ಕೋಣೆ, ಮುಂದೆ ವಿಶಾಲ ಅಂಗಳ. ನಾನು ಕೆಲಸಕ್ಕೆ ಸೇರಿದಾಗ ಆ ಅಂಗಳದಲ್ಲಿ ಖೋ ಖೋ, ಕಬಡ್ಡಿ ಎರಡೂ ಒಟ್ಟಿಗೆ ಆಡಿಸುತ್ತಿದ್ದೆ. ಆಮೇಲೆ ಮಕ್ಕಳು ಹೆಚ್ಚಿದರು, ಕೋಣೆ ಬೇಕಾಯಿತು. ಪ್ರಯೋಗಾಲಯ ಬಂತು, ಬಿಸಿಯೂಟದ ಅಡುಗೆಮನೆ ಬಂತು, ಸೈಕಲ್ ನಿಲ್ಲಿಸಲು ತಗಡಿನ ಚಪ್ಪರ ಬಂತು. ಒಂದೊಂದೂ ಅಗತ್ಯವೇ, ಯಾವುದಕ್ಕೂ ಬೇಡ ಎನ್ನುವ ಹಾಗಿರಲಿಲ್ಲ. ಆದರೆ ಪ್ರತಿ ಸಲವೂ ಜಾಗ ಹೋದದ್ದು ಆಟದ ಅಂಗಳದ್ದು. ಕೊನೆಗೆ 600 ಮಕ್ಕಳಿಗೆ ಉಳಿದದ್ದು ಪ್ರಾರ್ಥನೆಗೆ ಸಾಲಾಗಿ ನಿಲ್ಲುವಷ್ಟು ಜಾಗ. ವೇಳಾಪಟ್ಟಿಯಲ್ಲಿ ಆಟದ ಅವಧಿ ಇತ್ತು, ಆಟ ಇರಲಿಲ್ಲ.

ಜಾಗ ಕಡಿಮೆಯಾದಾಗ ಮೊದಲು ಹೊರಗೆ ಬೀಳುವವರು ಯಾರು? ಹೆಣ್ಣುಮಕ್ಕಳು. ಇದ್ದ ತುಂಡು ಅಂಗಳವನ್ನು ದೊಡ್ಡ ಹುಡುಗರು ಹಿಡಿದುಕೊಂಡರು. ಹುಡುಗಿಯರು ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ನೋಡುವುದು ರೂಢಿಯಾಯಿತು. ಒಂದು ವರ್ಷ ಖೋ ಖೋದಲ್ಲಿ ನಮ್ಮ ಹುಡುಗಿಯರ ತಂಡ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಯಿತು. ಅಭ್ಯಾಸಕ್ಕೆ ಜಾಗವಿಲ್ಲದೆ ಹೊಲದ ದಾರಿಯಲ್ಲಿ ಓಡಿಸಿದೆ. ನಾಲ್ಕನೆಯ ದಿನ ಇಬ್ಬರು ಹುಡುಗಿಯರ ತಂದೆಯರು ಬಂದರು. ‘ಮಾಸ್ತರ, ಹಾದಿ ಮ್ಯಾಲೆ ಹೆಣ್ಣುಹುಡುಗರನ್ನ ಓಡಸ್ತೀರಿ, ಹೋಗೋರು ಬರೋರು ನಿಂತು ನೋಡ್ತಾರ’ ಎಂದರು. ಅವರ ಮಾತಿನಲ್ಲಿ ತಪ್ಪಿತ್ತು, ಅದು ಬೇರೆ. ಆದರೆ ಅವರಿಗೆ ತೋರಿಸಲು ನನ್ನ ಹತ್ತಿರ ಒಂದು ಬಯಲು ಇರಲಿಲ್ಲ. ತಂಡ ಒಡೆಯಿತು. ಆ ವರ್ಷ ನಾವು ತಾಲ್ಲೂಕಿಗೆ ಹೋಗಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಗೆದ್ದರು, ಪುರುಷರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ಕುರುಬೂರು ಗ್ರಾಮದ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಖೋ ಖೋ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲ, ಹೆಚ್ಚು ಕಡಿಮೆ ನಾಲ್ಕೂಕಾಲು ಗುಂಟೆ. ಆ ಸುದ್ದಿ ಓದಿದ ದಿನ ನನಗೆ ಸಂತೋಷವಾಯಿತು, ಒಡೆದುಹೋದ ನಮ್ಮ ತಂಡವೂ ನೆನಪಾಯಿತು.

ಶರಣರು ದೇಹವನ್ನು ಕೀಳೆಂದು ಹಳಿದವರಲ್ಲ. ಕಾಯವನ್ನು ದಂಡಿಸಿ ಮುಕ್ತಿ ಪಡೆಯಿರಿ ಎಂದವರಲ್ಲ. ದೇಹವನ್ನೇ ದೇಗುಲವೆಂದು ಬಗೆದರು, ಅದರ ಮೇಲೆ ಇಷ್ಟಲಿಂಗ ಧರಿಸಿದರು, ಅದರಿಂದಲೇ ಕಾಯಕ ಮಾಡಿದರು. ಆ ದೇಹ ಬೆಳೆಯುವ ವಯಸ್ಸಿನಲ್ಲಿ ಓಡಬೇಕು, ಬೀಳಬೇಕು, ಏಳಬೇಕು. ನಮ್ಮ ಮಠಗಳು ಮಕ್ಕಳಿಗೆ ಅನ್ನ ಕೊಟ್ಟವು, ಅಕ್ಷರ ಕೊಟ್ಟವು, ವಸತಿ ಕೊಟ್ಟವು. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಈ ಮೂರನ್ನೂ ಕೊಟ್ಟದ್ದನ್ನು ನಾಡು ಕಂಡಿದೆ. ಆಟದ ಬಯಲು ನಾಲ್ಕನೆಯದಾಗಬೇಕು ಎಂಬುದು ನನ್ನ ಬಿನ್ನಹ.

ಕಾನೂನೂ ಅದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಿದೆ. ಕುಡಿಯುವ ನೀರು, ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಇವುಗಳ ಜೊತೆಗೇ ಆಟದ ಮೈದಾನವೂ ಇದೆ. 2023ರಲ್ಲಿ ಹರಿಯಾಣದ ಒಂದು ಶಾಲೆಯ ಜಾಗದ ಒತ್ತುವರಿ ಪ್ರಕರಣ ಬಂದಾಗ ಸುಪ್ರೀಂ ಕೋರ್ಟ್, ಮೈದಾನವಿಲ್ಲದ ಶಾಲೆ ಇರಲಾಗದು ಎಂದೇ ಹೇಳಿತು. ಹೀಗಾಗಿ ಇದು ಉಳ್ಳವರ ಮಕ್ಕಳ ಶೋಕಿಯಲ್ಲ.

ಇನ್ನು ಜಮೀನಿನ ಕಥೆ. ಆಡಳಿತ ಮಂಡಳಿಯ ಮೊದಲ ಸಭೆಯಲ್ಲಿ ಎಷ್ಟು ಜಾಗ ಬೇಕು ಎಂಬ ಪ್ರಶ್ನೆ ಬಂತು. ಒಬ್ಬರು 8 ಎಕರೆ ಎಂದರು. 400 ಮೀಟರ್ ಓಟದ ಪಥ, ಕುಳಿತು ನೋಡಲು ಮೆಟ್ಟಿಲು, ರಸ್ತೆಗೆ ಹೊಂದಿ ಹತ್ತು ಮಳಿಗೆ, ಬಾಡಿಗೆಯಿಂದ ಸಂಸ್ಥೆಗೆ ಆದಾಯ. ಕೇಳಲು ಚೆನ್ನಾಗಿತ್ತು. ಆಗ ಗುರುಗಳು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಿಸಿದರು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಅಗತ್ಯಕ್ಕಿಂತ ಹೆಚ್ಚು, ತಂದಲ್ಲಿಗೇ ಒಯ್ದು ಹಾಕಿ ಬನ್ನಿ ಎಂದ ತಾಯಿ ಅವರು. ‘ಹೆಚ್ಚುವರಿ ಜಮೀನು ಕೇಳುವ ಮುಂಚೆ ಅಗತ್ಯ ಎಷ್ಟು ಅಂತ ಅಳತೆ ಮಾಡಿಕೊಂಡು ಬರ್ರಿ’ ಎಂದರು ಗುರುಗಳು.

ಅಳತೆ ಮಾಡುವ ಕೆಲಸ ನನಗೆ ಬಂತು. ಬೇರೆ ಶಾಲೆಯವರಿಗೂ ಉಪಯೋಗವಾದೀತೆಂದು ಆ ಲೆಕ್ಕ ಹೇಳುತ್ತೇನೆ. 400 ಮೀಟರ್ ಪಥಕ್ಕೆ ಸುಮಾರು 4 ಎಕರೆ ಬೇಕು. ಗ್ರಾಮದ ಪ್ರೌಢಶಾಲೆಗೆ 200 ಮೀಟರ್ ಪಥ ಸಾಕು. ನಾಲ್ಕು ಸಾಲಿನ ಪಥ, ಸುತ್ತ ಒಂದಿಷ್ಟು ಬಿಡುವು ಸೇರಿ ಅದಕ್ಕೆ 1 ಎಕರೆ. ಆ ಪಥದ ಒಳಗಿನ ಬಯಲಿನಲ್ಲೇ ಖೋ ಖೋ ಅಂಕಣವೂ 13 ಮೀಟರ್ ಉದ್ದ 10 ಮೀಟರ್ ಅಗಲದ ಕಬಡ್ಡಿ ಅಂಕಣವೂ ಕೂಡುತ್ತವೆ. ಹೊರಗೆ ವಾಲಿಬಾಲ್, ಥ್ರೋಬಾಲ್ ಎರಡಕ್ಕೂ ಸೇರಿ 8 ಗುಂಟೆ. ಚಿಕ್ಕ ಮಕ್ಕಳಿಗೆ ಬೇರೆಯಾಗಿ 8 ಗುಂಟೆ, ಇಲ್ಲದಿದ್ದರೆ ದೊಡ್ಡವರ ಕಾಲಿಗೆ ಸಿಗುತ್ತಾರೆ. ನೆರಳಿನ ಗಿಡ, ನೀರು, ಶೌಚಾಲಯ, ಓಡಾಡುವ ದಾರಿ ಇವಕ್ಕೆ 14 ಗುಂಟೆ. ಒಟ್ಟು 1 ಎಕರೆ 30 ಗುಂಟೆ. ಎಂಟು ಎಕರೆಯಿಂದ ಎರಡಕ್ಕಿಂತ ಕೆಳಗೆ ಬಂದೆವು. ಮಳಿಗೆಗಳನ್ನು ಕೈಬಿಟ್ಟೆವು.

ಎರಡನೆಯ ಪ್ರಶ್ನೆ, ಎಲ್ಲಿಂದ? ಶಾಲೆಯ ಹಿಂದೆಯೇ ಗೋಮಾಳವಿದೆ. ಊರಿನ ಪ್ರಭಾವಿಗಳೊಬ್ಬರು ಬಂದು, ‘ಒಂದು ಅರ್ಜಿ ಕೊಡ್ರಿ, ಉಳಿದದ್ದು ನಾ ನೋಡ್ಕೋತೀನಿ, ದುಡ್ಡು ಬೇಕಾಗಿಲ್ಲ’ ಎಂದರು. ಬಹುಮತ ಅದರ ಕಡೆಗೇ ಇತ್ತು. ನಾನೂ ಅದರ ಕಡೆಗೇ ಇದ್ದೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅಳತೆಗೆಂದು ಟೇಪು ಹಿಡಿದು ಗೋಮಾಳಕ್ಕೆ ಹೋದೆವು. ಅಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ತಾಯಿ ಹತ್ತಿರ ಬಂದು ನೋಡುತ್ತ ನಿಂತರು. ಭೂಮಿ ಇಲ್ಲದವರು, ಏಳೆಂಟು ಆಡಿನ ಮೇಲೆ ಬದುಕು. ‘ಮಾಸ್ತರ, ನಿಮ್ಮ ಸಾಲಿ ಹುಡುಗರು ಆಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಆಡು ಎಲ್ಲಿ ಹೋಗಬೇಕ್ರಿ? ನಿಮ್ಮ ಹೊಲದಾಗ ಬಿಡ್ತೀರೇನು?’ ಎಂದರು. ಟೇಪು ಸುತ್ತಿಕೊಂಡು ಬಂದೆವು.

ಮುಂದಿನ ಸಭೆ ಬಿಸಿಯಾಯಿತು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ನಮ್ಮೂರಲ್ಲಿ ಅಷ್ಟು ಉಳಿದೇ ಇಲ್ಲ. ಒಬ್ಬ ತರುಣ ಸದಸ್ಯರು ಕೇಳಿದ ಮಾತು ಇದು: ‘ನಮ್ಮ ಕೈಯಾಗ ಮಠ ಐತಿ, ಮಂದಿ ಐತಿ, ವಶೀಲಿ ಐತಿ. ಆ ಮುದುಕಿ ಕೈಯಾಗ ಏನೈತಿ? ಇಲ್ಲದವರ ಕಡೆಯಿಂದ ತಗೊಂಡು ಮಾಡಿದ್ದು ದಾಸೋಹ ಹೆಂಗಾಗತೈತಿ?’ ಯಾರೂ ಉತ್ತರ ಕೊಡಲಿಲ್ಲ. ಗೋಮಾಳಕ್ಕೆ ಅರ್ಜಿ ಹಾಕಬಾರದು ಎಂದು ಠರಾವಾಯಿತು. ಸರ್ಕಾರಿ ಜಮೀನು ಯಾವ ಶಾಲೆಯೂ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ಬಳಕೆಯಿಲ್ಲದ ಜಮೀನಿದ್ದರೆ ನ್ಯಾಯವಾಗಿ ಕೇಳಬೇಕು. ಅದರ ಮೇಲೆ ಬದುಕುವವರು ಯಾರಾದರೂ ಇದ್ದಾರೆಯೇ ಎಂದು ಮೊದಲು ಹೋಗಿ ನೋಡಿ ಬರಬೇಕು, ಅಷ್ಟೇ.

ಉಳಿದದ್ದು ಶಾಲೆಯ ಪೂರ್ವಕ್ಕೆ ಹೊಂದಿದ ಹೊಲ. ಇಬ್ಬರು ಅಣ್ಣತಮ್ಮಂದಿರದು, ಮಠದ ಭಕ್ತರು. ಗುರುಗಳು ಕೇಳಿದಾಗ ಹಿರಿಯರು ಒಪ್ಪಿದರು. 30 ಗುಂಟೆ ದಾಸೋಹ ಮಾಡುತ್ತೇವೆ, 1 ಎಕರೆಯನ್ನು ಊರಿನಲ್ಲಿ ನಡೆಯುವ ದರಕ್ಕೆ ಕೊಡುತ್ತೇವೆ ಎಂದರು. ದೊಡ್ಡ ಮನಸ್ಸು ಅದು. ಪಹಣಿ ತರಿಸಿ ನೋಡಿದರೆ ಇಬ್ಬರ ಹೆಸರೇ ಇತ್ತು. ಆದರೆ ಅವರಿಗೆ ಒಬ್ಬ ತಂಗಿ ಇದ್ದಾರೆಂಬುದು ಎಲ್ಲರಿಗೂ ಗೊತ್ತು. ಆಕೆಯ ಸಹಿ ಎಂದಾಗ, ‘ಆಕೀದೇನೈತಿ, ಮದುವ್ಯಾಗ ಬಂಗಾರ ಕೊಟ್ಟು ಕಳಿಸೇವಿ’ ಎಂದರು.

ಇಲ್ಲಿ ವಕೀಲರು ಒಂದು ಮಾತು ಹೇಳಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಸಾರಿದೆ, ಆಕೆಯ ಸಹಿ ಇಲ್ಲದಿದ್ದರೆ ನಾಳೆ ವ್ಯಾಜ್ಯವಾಗಬಹುದು ಎಂದರು. ಗುರುಗಳು ಹೇಳಿದ್ದು ಬೇರೆ. ಅಕ್ಕನಾಗಮ್ಮನವರಿಗೆ ಇಲ್ಲದ ಸಂಸ್ಕಾರ ತನಗೂ ಬೇಡವೆಂದು ಬಾಲಕ ಬಸವಣ್ಣ ಉಪನಯನ ಬಿಟ್ಟು ಹೊರಟರೆಂಬ ಕಥೆಯನ್ನು ನಾವು ಪ್ರತಿ ಬಸವ ಜಯಂತಿಗೆ ಹೇಳುತ್ತೇವೆ. ‘ಅಕ್ಕನನ್ನು ಬಿಟ್ಟು ಜನಿವಾರ ಬೇಡ ಅಂದವರ ಹೆಸರು ಹೇಳಿಕೊಂಡು, ತಂಗಿಯನ್ನು ಬಿಟ್ಟು ಹೊಲ ತಗೊಳ್ಳೋದು ಹೆಂಗ?’ ಎಂದರು. ಅಣ್ಣತಮ್ಮಂದಿರು ಎರಡು ತಿಂಗಳು ಮಾತಾಡಲಿಲ್ಲ. ನಾವು ಕಾದೆವು. ಆಮೇಲೆ ಹಿರಿಯರೇ ಹೋಗಿ ತಂಗಿಯನ್ನು ಕರೆತಂದರು.

ಆ ತಾಯಿ ಮಠಕ್ಕೆ ಬಂದು ಕುಳಿತು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: ‘ನನ್ನ ಏಳನೇತ್ತೆಗೆ ಸಾಲಿ ಬಿಡಿಸಿದ್ರಿ ಅಜ್ಜಾರ. ನಾನೂ ಓಡ್ತಿದ್ದೆ. ಸಹಿ ಹಾಕ್ತೀನಿ. ಒಂದ ಮಾತು, ಆ ಹೊಲದಾಗ ಹೆಣ್ಣುಮಕ್ಕಳು ಆಡಬೇಕು. ಗಂಡುಹುಡುಗರು ಆಡೂದನ್ನ ನೋಡಾಕ ನನ್ನ ಪಾಲು ಕೊಡಂಗಿಲ್ಲ.’ 1 ಎಕರೆಯ ಹಣ ಮೂರು ಸಮಪಾಲಾಗಿ ಮೂವರ ಖಾತೆಗೆ ಹೋಯಿತು. 30 ಗುಂಟೆಯ ದಾನಪತ್ರಕ್ಕೆ ಮೂವರೂ ಸಹಿ ಮಾಡಿದರು. ತಂಗಿ ತನ್ನ ಪಾಲಿನ ಹಣ ಬೇಡ ಎನ್ನಲಿಲ್ಲ, ಅದು ಅವರ ಹಕ್ಕು. ಬಿಟ್ಟುಕೊಡು ಎಂದು ನಾವೂ ಹೇಳಲಿಲ್ಲ.

ಹಣ ಹೊಂದಿಸಲು 14 ತಿಂಗಳು ಹಿಡಿಯಿತು. ನಡುವೆ ಒಬ್ಬ ದಾನಿಗಳು ಬಂದು, ಇಡೀ ಮೊತ್ತ ಒಬ್ಬನೇ ಕೊಡುತ್ತೇನೆ, ಮೈದಾನಕ್ಕೆ ನಮ್ಮ ತಂದೆಯ ಹೆಸರಿಡಿ, ಮಹಾದ್ವಾರ ಕಟ್ಟಿ ಪುತ್ಥಳಿ ನಿಲ್ಲಿಸಿ ಎಂದರು. ಕೊಡುವವರ ಮನಸ್ಸು ನೋಯಿಸುವುದು ನಮಗೂ ಇಷ್ಟವಿರಲಿಲ್ಲ. ಆದರೆ 30 ಗುಂಟೆ ಕೊಟ್ಟ ಮೂವರು ಹೆಸರು ಕೇಳಿರಲಿಲ್ಲ. ದಾನದಲ್ಲಿ ‘ನಾನು ಕೊಟ್ಟೆ’ ಎಂಬುದು ಉಳಿಯುತ್ತದೆ, ದಾಸೋಹದಲ್ಲಿ ಅದು ಉಳಿಯಬಾರದು. ಆಗದು ಎಂದು ಕೈ ಮುಗಿದು ಹೇಳಿದೆವು. ಅವರು ಸಿಟ್ಟಾಗಿ ಹೋದರು, ಇವತ್ತಿಗೂ ಬಂದಿಲ್ಲ. ಆ ನೋವು ನಮಗಿದೆ. ಕೊನೆಗೆ ಹಣ ಕೂಡಿದ್ದು ಹಳೆಯ ವಿದ್ಯಾರ್ಥಿಗಳ 500, 1000 ರೂಪಾಯಿಗಳಿಂದ, ಸ್ತ್ರೀಶಕ್ತಿ ಸಂಘಗಳಿಂದ, ಸುಗ್ಗಿಯಲ್ಲಿ ರೈತರು ಕೊಟ್ಟ ಜೋಳ ಕಡಲೆಯ ಮಾರಾಟದಿಂದ, ಇಬ್ಬರು ಶಿಕ್ಷಕರ ಒಂದೊಂದು ತಿಂಗಳ ಸಂಬಳದಿಂದ.

ನಮ್ಮ ಸಮಾಜಕ್ಕೆ ಇದು ಹೊಸದಲ್ಲ. ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುಂಚೆ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಮಾಡಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಒಬ್ಬರು ಸಂಸ್ಥಾನಿಕರು, ಉಳಿದವರು ಸಂಬಳದ ಮೇಲೆ ಬದುಕಿದವರು. ಇಬ್ಬರಿಂದಲೂ ಕೆಲಸವಾಯಿತು.

ಜಮೀನು ಪಡೆಯಲು ಹೊರಡುವ ಸಂಸ್ಥೆಗಳಿಗೆ ಕೆಲವು ವ್ಯವಹಾರದ ಮಾತು. ಭಕ್ತರು ಬಾಯಿಮಾತಿನಲ್ಲಿ ಕೊಟ್ಟ ಜಮೀನು ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿಗೆ ಹೋಗುತ್ತದೆ. ಸ್ಥಿರಾಸ್ತಿಯ ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು, ದಾನಿ ಬದುಕಿರುವಾಗಲೇ ಸಂಸ್ಥೆ ಅದನ್ನು ಸ್ವೀಕರಿಸಿರಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಪಡೆಯುವುದಾದರೆ ಮೊದಲು 11ಇ ನಕ್ಷೆ ಮಾಡಿಸಿ. ಋಣಭಾರ ಪತ್ರ ತೆಗೆಸಿ, ಬ್ಯಾಂಕು ಸೊಸೈಟಿಯ ಬೋಜಾ ಇದೆಯೇ ನೋಡಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯಿದೆಯ ರಕ್ಷಣೆಯಿದೆ. ಅಂಥ ಜಮೀನಿನ ಮೇಲೆ ಶಾಲೆಯ ಹೆಸರಿನಲ್ಲೂ ಕಣ್ಣು ಹಾಕಬೇಡಿ. ಕೃಷಿ ಜಮೀನನ್ನು ಮೈದಾನ ಮಾಡುವ ಮುಂಚೆ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಭೂಪರಿವರ್ತನೆಗೆ ಅರ್ಜಿ ಹಾಕಿ. ಖಾತೆ ಸಂಸ್ಥೆಯ ಹೆಸರಿಗೇ ಆಗಲಿ, ಅಧ್ಯಕ್ಷರ ಹೆಸರಿಗಾಗಲಿ ಇನ್ನೊಬ್ಬರ ಹೆಸರಿಗಾಗಲಿ ಬೇಡ. ಖರ್ಚುವೆಚ್ಚದ ಲೆಕ್ಕವನ್ನು ಮಠದ ಗೋಡೆಗೆ ಅಂಟಿಸಿ. ನಾವು ಪ್ರತಿ ತಿಂಗಳು ಅಂಟಿಸಿದೆವು, ಅದನ್ನು ಓದಿದ ಮೇಲೆಯೇ ಹಲವರು ಕೊಟ್ಟರು.

ಜಮೀನು ಬಂದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ತಂತಿಬೇಲಿ ಹಾಕಿ, ಗೇಟಿಗೆ ಬೀಗ ಹಾಕಬೇಕು ಎಂದರು ಕೆಲವರು. ‘ನಮ್ಮ ರೊಕ್ಕ, ನಮ್ಮ ಜಮೀನು, ನಮ್ಮ ಸಾಲಿ ಹುಡುಗರಿಗಷ್ಟ’ ಎಂಬ ಮಾತು ಬಂತು. ಆ ಮಾತಿನೊಳಗೆ ಬೇರೆ ಅರ್ಥವಿತ್ತು. ಸಂಜೆ ಹೊತ್ತು ದಲಿತ ಕೇರಿಯ ಹುಡುಗರು, ಸರ್ಕಾರಿ ಶಾಲೆಯ ಹುಡುಗರು ಅಲ್ಲಿ ಆಡಲು ಬರುತ್ತಿದ್ದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಮುಂದೆ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನವರು ಸಮನಾಗಿ ಕುಳಿತರು ಎಂದು ಭಾಷಣ ಮಾಡುವ ನಾವು, ಕಬಡ್ಡಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿಯುವ ಮಕ್ಕಳನ್ನು ಬೇರೆ ಮಾಡಬೇಕೆ? ಈ ಪ್ರಶ್ನೆ ಎದ್ದಾಗ ಸಭೆಯಲ್ಲಿ ಇಬ್ಬರು ರಾಜೀನಾಮೆ ಕೊಡುತ್ತೇವೆಂದರು. ಗುರುಗಳು, ಕೊಡುವುದಾದರೆ ಕೊಡಿ, ಗೇಟು ಮಾತ್ರ ತೆರೆದಿರುತ್ತದೆ ಎಂದರು. ಒಬ್ಬರು ಕೊಟ್ಟರು. ಇನ್ನೊಬ್ಬರ ಮೊಮ್ಮಗ ಈಗ ಕೇರಿಯ ಹುಡುಗರ ಜೊತೆ ಒಂದೇ ತಂಡದಲ್ಲಿ ಆಡುತ್ತಾನೆ.

ಮೂರು ನಿಯಮ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದಿದ್ದೇವೆ. ಶಾಲೆಯ ವೇಳೆ ಬಿಟ್ಟು ಬೆಳಿಗ್ಗೆ ಸಂಜೆ ಊರಿನ ಎಲ್ಲ ಮಕ್ಕಳಿಗೆ ಬಯಲು ತೆರೆದಿರಬೇಕು. ಪ್ರತಿದಿನ ಸಂಜೆ 4ರಿಂದ 5ರವರೆಗೆ ಇಡೀ ಬಯಲು ಹೆಣ್ಣುಮಕ್ಕಳದು. ಈ 1 ಎಕರೆ 30 ಗುಂಟೆಯಲ್ಲಿ ಶೌಚಾಲಯ ಬಿಟ್ಟು ಯಾವ ಕಟ್ಟಡವನ್ನೂ ಕಟ್ಟಬಾರದು, ಕಲ್ಯಾಣ ಮಂಟಪವನ್ನೂ ಮಳಿಗೆಯನ್ನೂ ಕಟ್ಟಬಾರದು. ಮೊದಲಿನ ಅಂಗಳ ಹೋದದ್ದು ಒಳ್ಳೆಯ ಕೆಲಸಗಳ ಹೆಸರಿನಲ್ಲಿಯೇ. ಅದಕ್ಕೇ ಮೂರನೆಯ ನಿಯಮ.

ಎಲ್ಲ ಮುಗಿದಿದೆ ಎಂದು ತಿಳಿಯಬೇಡಿ. ಓಟದ ಪಥಕ್ಕೆ ಇನ್ನೂ ಗರಸು ಹಾಕಿಲ್ಲ, ಎರೆಮಣ್ಣು, ಮಳೆ ಬಂದರೆ ನಾಲ್ಕು ದಿನ ಕಾಲಿಡಲಾಗದು. ನಾನು ನಿವೃತ್ತನಾದ ಮೇಲೆ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದೆ, ಸಂಜೆ ಹೊತ್ತು ನಾನೇ ಹೋಗುತ್ತೇನೆ. ಆಡಿನ ತಾಯಿಯ ಪರಿಚಯ ಚೆನ್ನಾಗಿ ಆಗಿದೆ, ಬಯಲಿನ ಅಂಚಿನಲ್ಲಿ ಬೆಳೆದ ಹುಲ್ಲನ್ನು ಅವರೇ ಕೊಯ್ದುಕೊಂಡು ಹೋಗುತ್ತಾರೆ. ಹೊಲ ಕೊಟ್ಟ ತಂಗಿ ಕಳೆದ ಯುಗಾದಿಗೆ ತವರಿಗೆ ಬಂದಾಗ ಸಂಜೆ 4 ಗಂಟೆಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಹುಡುಗಿಯರು ಖೋ ಖೋ ಆಡುತ್ತಿದ್ದರು. ಆಟ ಮುಗಿಯುವ ತನಕ ಇದ್ದು, ಏನೂ ಹೇಳದೆ ಎದ್ದು ಹೋದರು.

ಇಲ್ಲಿ ಅನೇಕ ಮಠಗಳ, ವಿದ್ಯಾಸಂಸ್ಥೆಗಳ ಹಿರಿಯರಿದ್ದೀರಿ. ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಶಾಲೆಯ ಆಟದ ಅವಧಿಯಲ್ಲಿ ಹೋಗಿ ನಿಂತು, ಎಷ್ಟು ಮಕ್ಕಳು ಆಡುತ್ತಿದ್ದಾರೆ, ಎಷ್ಟು ಮಕ್ಕಳು ಮೆಟ್ಟಿಲ ಮೇಲೆ ಕುಳಿತಿದ್ದಾರೆ, ಕುಳಿತವರಲ್ಲಿ ಹೆಣ್ಣುಮಕ್ಕಳು ಎಷ್ಟು ಎಂದು ಎಣಿಸಿ. ಆಮೇಲೆ ಮಠದ ಹೆಸರಿನಲ್ಲಿರುವ ಪಹಣಿಗಳನ್ನು ತೆಗೆದು ನೋಡಿ. ಶಾಲೆಯ ಹತ್ತಿರ ಮಠದ್ದೇ ಜಮೀನಿದ್ದರೆ ಭಕ್ತರನ್ನು ಕೇಳುವ ಮುಂಚೆ ಮಠವೇ ಕೊಡಲಿ. ಇಲ್ಲದಿದ್ದರೆ ಅಳೆದು, ಅಗತ್ಯವಿದ್ದಷ್ಟನ್ನೇ, ಯಾರ ಹೊಟ್ಟೆಯ ಮೇಲೂ ಹೊಡೆಯದೆ ಕೇಳಿ. ಭಕ್ತರು ಇಲ್ಲವೆನ್ನುವುದಿಲ್ಲ.